ಟೊಂಕ ಮತ್ತೆ ಮತ್ತೆ ಹಿಡಿಯುತ್ತಿದೆಯೇ? ವ್ಯಾಯಾಮಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಬಾಗಲಕೋಟೆಯಲ್ಲಿ ಫಿಜಿಯೋಥೆರಪಿಸ್ಟ್ ಆಗಿರುವ ನನ್ನ ಬಳಿಗೆ ಬರುವವರಲ್ಲಿ ನಡನೋವಿನವರೇ ಹೆಚ್ಚು. ಅವರಲ್ಲಿ ಬಹಳ ಜನ ಎರಡನೆಯ ಸಲವೋ ಮೂರನೆಯ ಸಲವೋ ಬಂದವರು. ವ್ಯಾಯಾಮದ ಚೀಟಿ ಅವರ ಬಳಿ ಇರುತ್ತದೆ, ಮೊಬೈಲಿನಲ್ಲಿ ನಾಲ್ಕಾರು ವಿಡಿಯೊಗಳೂ ಇರುತ್ತವೆ. ‘ಎಲ್ಲವನ್ನೂ ಮಾಡಿದೆ ಅಕ್ಕಾ, ಮತ್ತೆ ಹಿಡಿಯಿತು’ ಎನ್ನುತ್ತಾರೆ. ಕೂರಿಸಿ ಕೇಳಿದರೆ ಕಥೆ ಒಂದೇ: ಬೆಳಿಗ್ಗೆ ಎದ್ದ ಕೂಡಲೇ ಬಗ್ಗಿ ಕಾಲ್ಬೆರಳು ಮುಟ್ಟುತ್ತಾರೆ, ಆಮೇಲೆ ದಿನವಿಡೀ ಹಳೆಯ ರೀತಿಯಲ್ಲೇ ಬಗ್ಗಿ ಏಳುತ್ತಾರೆ, ನೋವು ಹೋದ ದಿನ ಎಲ್ಲವನ್ನೂ ಬಿಟ್ಟುಬಿಡುತ್ತಾರೆ.

ವ್ಯಾಯಾಮದಲ್ಲಿ ತಪ್ಪಿಲ್ಲ, ತಪ್ಪಿರುವುದು ಕ್ರಮದಲ್ಲಿ. ಗಾಯದ ಹಕ್ಕಳೆಯನ್ನು ದಿನವೂ ಕೀಳುತ್ತಾ ಮೇಲೆ ಮುಲಾಮು ಹಚ್ಚಿದರೆ ಗಾಯ ಮಾಯುವುದಿಲ್ಲ. ಮೊದಲು ಕೀಳುವುದನ್ನು ನಿಲ್ಲಿಸಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಬಂದವರಿಗೆಲ್ಲ ಮೊದಲ ದಿನವೇ ಐದಾರು ವ್ಯಾಯಾಮ ಹೇಳಿ ಕಳುಹಿಸುತ್ತಿದ್ದೆ. ಅವರು ಬಗ್ಗುವುದು ಹೇಗೆ, ಕೊಡ ಎತ್ತುವುದು ಹೇಗೆ ಎಂದು ನೋಡಿರಲಿಲ್ಲ. ಈಗ ಅದನ್ನೇ ಮೊದಲು ನೋಡುತ್ತೇನೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಆರನೆಯದು ಎಷ್ಟೇ ಆಸೆ ಹುಟ್ಟಿಸಿದರೂ ಮೂರನೆಯದನ್ನು ಮುಗಿಸದೆ ಅಲ್ಲಿಗೆ ಹೋಗಬೇಡಿ.

## ಮೊದಲು ಇದನ್ನು ನೋಡಿ: ಯಾರು ಮನೆಯಲ್ಲಿ ಪ್ರಯತ್ನಿಸಬಾರದು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನೂರರಲ್ಲಿ ಸುಮಾರು 90 ಮಂದಿಯ ನಡನೋವಿಗೆ ಇಂಥದ್ದೇ ಎಂದು ಬೊಟ್ಟು ಮಾಡಿ ತೋರಿಸುವ ರೋಗವಿರುವುದಿಲ್ಲ. ಈ ಮಾರ್ಗದರ್ಶಿ ಅಂಥವರಿಗಾಗಿ. ಉಳಿದವರಿಗೆ ವೈದ್ಯರು ಬೇಕು, ಕೆಲವರಿಗೆ ಅದೇ ದಿನ ಬೇಕು.

ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ಸೈಕಲ್ಲಿನ ಸೀಟು ತಾಗುವ ಭಾಗವೆಲ್ಲ ಜೋಮು ಹಿಡಿದಂತಾದರೆ, ಎರಡೂ ಕಾಲುಗಳ ಶಕ್ತಿ ಕುಂದಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಅದುಮಿರುವ ಲಕ್ಷಣ ಇದು. ತಡವಾದಷ್ಟೂ ನರ ಚೇತರಿಸಿಕೊಳ್ಳುವ ಸಾಧ್ಯತೆ ಕಡಿಮೆಯಾಗುತ್ತದೆ. ಜಿಲ್ಲಾ ಆಸ್ಪತ್ರೆಗೋ ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೋ ನೇರವಾಗಿ ಹೋಗಿ.

ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇವುಗಳ ಜೊತೆ ವಾರಗಟ್ಟಲೆ ಬೆನ್ನುನೋವಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹುಕಾಲ ಸ್ಟಿರಾಯ್ಡ್ ನುಂಗಿದವರು, ಬೈಕಿನಿಂದಲೋ ಮಾಳಿಗೆಯಿಂದಲೋ ಬಿದ್ದವರು, ಮುಟ್ಟು ನಿಂತ ಮೇಲೆ ಸಣ್ಣದಾಗಿ ಜಾರಿಬಿದ್ದು ನೋವು ಶುರುವಾದ ತಾಯಂದಿರು, ಮಲಗಿದರೂ ತಗ್ಗದ ನೋವು ರಾತ್ರಿ ಎಬ್ಬಿಸುವವರು ಮೊದಲು ವೈದ್ಯರನ್ನು ಕಾಣಬೇಕು. ಪಾದ ಮೇಲೆತ್ತಲು ಬಾರದೆ ಚಪ್ಪಲಿ ನೆಲಕ್ಕೆ ಉಜ್ಜುತ್ತಿದ್ದರೂ ಹಾಗೆಯೇ.

ಈ ಲಕ್ಷಣಗಳಿಲ್ಲದಿದ್ದರೆ ಸ್ಕ್ಯಾನ್ ಮಾಡಿಸಲು ಅವಸರ ಬೇಡ. ಬಹಳ ಜನರನ್ನು ಹೆದರಿಸಿರುವುದು ವರದಿಯಲ್ಲಿನ ‘ಡಿಸ್ಕ್ (ಬೆನ್ನುಮಣಿಗಳ ನಡುವಿನ ಮೆತ್ತೆ) ಉಬ್ಬಿದೆ’ ಎಂಬ ಮಾತು. ನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 20 ವರ್ಷದವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. 80 ವರ್ಷದವರಲ್ಲಿ ಶೇ. 84. ತಲೆಗೂದಲು ನರೆತಂತೆ ಬೆನ್ನೂ ನರೆಯುತ್ತದೆ ಎಂದುಕೊಳ್ಳಿ.

## ಬೇಕಾಗುವ ಸಾಮಾನು

ನಾಲ್ಕರಿಂದ ಐದು ಅಡಿ ಉದ್ದದ ನೆಟ್ಟನೆಯ ಕೋಲು ಒಂದು. ಉದ್ದ ಕಸಬರಿಗೆಯ ಹಿಡಿಕೆಯೂ ನಡೆಯುತ್ತದೆ. ಒಂದು ಜಮಖಾನೆ, ಒಂದು ಟವೆಲ್, ಒಂದು ನೋಟ್‌ಬುಕ್, ಪೆನ್ನು. ನಾಲ್ಕರಿಂದ ಆರು ಅಂಗುಲ ಎತ್ತರದ ಮಣೆ. ಖಾಲಿ ಗೋಡೆ. ಪಕ್ಕದಿಂದ ನಿಮ್ಮ ವಿಡಿಯೊ ತೆಗೆಯಲು ಮನೆಯವರಲ್ಲಿ ಒಬ್ಬರು. ಬೆಲ್ಟ್ ಬೇಡ. ಆರೋಗ್ಯವಂತರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ನೋವು ಬಾರದು ಎಂಬುದಕ್ಕೆ ಆಧಾರವಿಲ್ಲ. ಕಟ್ಟಿಕೊಂಡ ಧೈರ್ಯಕ್ಕೆ ಇನ್ನೂ ಹತ್ತು ಕಿಲೋ ಹೆಚ್ಚು ಎತ್ತುವವರನ್ನು ನೋಡಿದ್ದೇನೆ.

## ಹಂತ 1: ಮೂರು ದಿನ ಬರೆದಿಡಿ

ಯಾವ ಕೆಲಸದಲ್ಲಿ ನೋವು ಹುಟ್ಟಿತು, ಯಾವುದರಲ್ಲಿ ಇಳಿಯಿತು, ಎಷ್ಟು ಹೊತ್ತಿನ ಮೇಲೆ? ಮೂರು ದಿನ ಇಷ್ಟನ್ನೇ ಬರೆಯಿರಿ. ‘ಬೆಳಿಗ್ಗೆ 6, ಅಂಗಳ ಗುಡಿಸುವಾಗ ಎಡಕ್ಕೆ ಹಿಡಿಯಿತು. ನಡೆದಾಡಿದ ಮೇಲೆ ಇಳಿಯಿತು’ ಎಂಬಂತೆ.

ಮೂರನೆಯ ದಿನ ಓದಿದರೆ ನೀವು ಯಾವ ಗುಂಪಿನವರು ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಬಗ್ಗಿದಾಗ, ಕುಳಿತಾಗ ನೋವು ಏರಿ, ನಿಂತರೆ, ನಡೆದರೆ ಇಳಿಯುವವರು ಒಂದು ಗುಂಪು. ನಮ್ಮ ಭಾಗದಲ್ಲಿ ಇವರೇ ಹೆಚ್ಚು ಬರುತ್ತಾರೆ. ಈ ಹಂತಗಳು ಮುಖ್ಯವಾಗಿ ಇವರಿಗೆ. ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ, ಕಟ್ಟೆಯ ಮೇಲೆ ಕುಳಿತರೆ ಹಗುರಾಗುವ ಹಿರಿಯರು ಇನ್ನೊಂದು ಗುಂಪು. ವಯಸ್ಸಿನ ಜೊತೆ ನರದ ದಾರಿ ಕಿರಿದಾಗಿ ಹೀಗಾಗುತ್ತದೆ. ಈ ಎರಡನೆಯವರು ಮುಂದೆ ನಾನು ಹೇಳುವ ಹಿಂದಕ್ಕೆ ಬಾಗುವ ಚಲನೆಯನ್ನು ಮಾಡಬಾರದು. ಒಮ್ಮೆ ತೋರಿಸಿಕೊಂಡೇ ಮುಂದುವರಿಯಬೇಕು.

ಇಲ್ಲಿ ಆಗುವ ತಪ್ಪು ಎಂದರೆ ನೋವಿನ ದಿನ ಮಾತ್ರ ಬರೆಯುವುದು. ನೋವಿಲ್ಲದ ದಿನ ಏನು ಮಾಡಿದಿರಿ ಎಂಬುದೂ ಅಷ್ಟೇ ಬೇಕು.

## ಹಂತ 2: ಎದ್ದ ಮೊದಲ ಗಂಟೆಯನ್ನು ಕಾಯ್ದುಕೊಳ್ಳಿ

ಬೆನ್ನುಮಣಿಗಳ ನಡುವೆ ಇರುವ ಮೆತ್ತೆಗಳಿಗೆ ಡಿಸ್ಕ್ ಎನ್ನುತ್ತೇವೆ. ರಾತ್ರಿ ಮಲಗಿದಾಗ ಮೈಯ ಭಾರ ಇಳಿದು ಅವು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಿರುವುದು ಇದರಿಂದಲೇ. ಆ ಹೆಚ್ಚುವರಿ ಎತ್ತರದಲ್ಲಿ ಸುಮಾರು ಅರ್ಧದಷ್ಟು ಎದ್ದ ಮೊದಲ ಗಂಟೆಯಲ್ಲೇ ಇಳಿಯುತ್ತದೆ. ಉಬ್ಬಿದ ಮೆತ್ತೆಯ ಮೇಲೆ ಬಗ್ಗಿದರೆ ಅದರ ಹಿಂಗೋಡೆಯ ಮೇಲೆ ಬೀಳುವ ಸೆಳೆತ ಹೆಚ್ಚು. ಬೆಳಗಿನ ಬಗ್ಗುವಿಕೆಯನ್ನು ಕಡಿಮೆ ಮಾಡಿದ್ದಕ್ಕೇ ಹಳೆಯ ನಡನೋವು ತಗ್ಗಿದ್ದನ್ನು 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು.

ಆದರೆ ನಮ್ಮ ಮನೆಗಳ ಬೆಳಗನ್ನು ನೋಡಿ. ಹಾಸಿಗೆ ಸುತ್ತುವುದು, ಮೋಟು ಕಸಬರಿಗೆಯಿಂದ ಅಂಗಳ ಗುಡಿಸುವುದು, ನೀರು ಚಿಮುಕಿಸಿ ರಂಗೋಲಿ ಹಾಕುವುದು, ಕೊಟ್ಟಿಗೆಯ ಸೆಗಣಿ ಎತ್ತುವುದು, ಎಮ್ಮೆ ಹಿಂಡುವುದು. ಬಗ್ಗುವ ಕೆಲಸಗಳೆಲ್ಲ ಆ ಒಂದು ಗಂಟೆಯಲ್ಲೇ ಬಂದು ಕೂತಿವೆ. ಅವನ್ನು ಬಿಡಿ ಎಂದು ಹೇಳಲಾರೆ. ಹೊತ್ತನ್ನು ಹಿಂದೆ ಮುಂದೆ ಮಾಡಿ: ಎದ್ದು ಹತ್ತು ಹದಿನೈದು ನಿಮಿಷ ಓಡಾಡಿ, ನಿಂತು ಮಾಡುವ ಚಹಾ, ಬುತ್ತಿಯ ಪಲ್ಯ ಮೊದಲಾಗಲಿ. ಗುಡಿಸುವುದು ಕೊನೆಗಿರಲಿ. ಕಸಬರಿಗೆಗೆ ಎದೆಯೆತ್ತರದ ಕೋಲು ಕಟ್ಟಿ. ಹಾಸಿಗೆಯನ್ನು ಮನೆಯ ಬೇರೊಬ್ಬರು ಸುತ್ತಲಿ. ಗಂಡಸರು ಇದನ್ನು ಓದುತ್ತಿದ್ದರೆ ಆ ಬೇರೊಬ್ಬರು ನೀವೇ.

ಏಳುವಾಗಲೂ ನೇರವಾಗಿ ಎದ್ದು ಕೂರಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಸೂರ್ಯನಮಸ್ಕಾರ ಮಾಡುವವರು ಎದ್ದು ಕನಿಷ್ಠ ಒಂದು ಗಂಟೆಯಾದರೂ ಕಳೆಯಲಿ. ನೋವಿರುವ ದಿನಗಳಲ್ಲಿ ಮುಂದಕ್ಕೆ ಬಾಗುವ ಭಂಗಿಗಳನ್ನು ಬಿಡಿ. ಬೆಳಿಗ್ಗೆ ಬೆನ್ನು ಬಿಗಿದಿದೆ, ಎಳೆದರೆ ಸಡಿಲವಾಗುತ್ತದೆ ಎಂಬ ನಂಬಿಕೆಯೇ ಈ ಹಂತದಲ್ಲಿ ಜನರನ್ನು ಕೆಡಿಸುತ್ತದೆ.

## ಹಂತ 3: ಬಗ್ಗುವುದನ್ನು ಹೊಸದಾಗಿ ಕಲಿಯಿರಿ

ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ. ಬಾಗಿಲು ಮಡಚಬೇಕಾದದ್ದು ತಿರುಗಣಿಯ ಬಳಿ, ಹಲಗೆಯ ನಡುವೆ ಅಲ್ಲ. ಮೈಯ ತಿರುಗಣಿ ಇರುವುದು ತೊಡೆಸಂದಿನಲ್ಲಿ, ಸೀರೆಯ ನಿರಿಗೆ ಸಿಕ್ಕಿಸುವ ಜಾಗಕ್ಕಿಂತ ಒಂದು ಗೇಣು ಕೆಳಗೆ. ನಾವು ಮಡಚುವುದು ಮಾತ್ರ ಮೇಲೆ, ಟೊಂಕದಲ್ಲಿ.

ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಯಿಂದ ಗೋಡೆಗೆ ಒಂದು ಅಡಿ ಬಿಟ್ಟು ನಿಲ್ಲಿ. ಪಾದಗಳ ನಡುವೆ ಭುಜದಷ್ಟು ಅಂತರವಿರಲಿ. ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ಟೊಂಕದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ರೆಕ್ಕೆಮೂಳೆಗಳ ನಡುವೆ, ಬಾಲದ ಮೂಳೆಯ ಮೇಲ್ಭಾಗ. ಟೊಂಕದ ಬಳಿ ಕೋಲಿಗೂ ಮೈಗೂ ನಡುವೆ ಅಂಗೈ ತೂರುವಷ್ಟು ಜಾಗವಿರುತ್ತದೆ. ಆ ಜಾಗ ಹಾಗೆಯೇ ಉಳಿಯಬೇಕು. ಕಚ್ಚೆ ಸೀರೆ ಉಟ್ಟವರಿಗೆ ಹಿಂದಿನ ಗಂಟು ಕೋಲನ್ನು ಎತ್ತಿಬಿಡುತ್ತದೆ. ಗಂಟನ್ನು ಪಕ್ಕಕ್ಕೆ ಸರಿಸಿಕೊಳ್ಳಿ.

ಈಗ ಮೊಣಕಾಲನ್ನು ಒಂದಿಷ್ಟೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಮುಟ್ಟಿಸಿ. ಕೈ ತುಂಬ ಸಾಮಾನು ಇದ್ದಾಗ ಬಾಗಿಲನ್ನು ಹಿಂಬದಿಯಿಂದ ದೂಡುವುದಿಲ್ಲವೇ, ಅದೇ ಚಲನೆ. ಎದೆ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ತಳ್ಳುವುದು ಮೊದಲು, ಬಾಗುವುದು ಅದರ ಹಿಂದೆ. ಕೋಲು ಮೂರು ಕಡೆಯಲ್ಲಿ ಯಾವುದಾದರೂ ಒಂದನ್ನು ಬಿಟ್ಟರೆ ಅಲ್ಲಿಗೆ ನಿಲ್ಲಿಸಿ, ಮೇಲೆ ಬನ್ನಿ. ಅದು ಇಂದಿನ ನಿಮ್ಮ ಮಿತಿ.

ಬಾದಾಮಿ ಕಡೆಯ ಒಬ್ಬ ತಾಯಿ ಕೋಲು ನೋಡಿ, ‘ಐವತ್ತು ವರ್ಷದಿಂದ ಬಗ್ಗುತ್ತಿದ್ದೇನೆ ಅಕ್ಕಾ, ಹೊಸದಾಗಿ ಏನು ಕಲಿಸುತ್ತೀರಿ?’ ಎಂದರು. ಬಗ್ಗಿ ಎಂದೆ. ಎರಡು ಅಂಗುಲ ಬಾಗುವಷ್ಟರಲ್ಲಿ ಕೋಲಿನ ಕೆಳತುದಿ ಬಾಲದ ಮೂಳೆ ಬಿಟ್ಟು ಗಾಳಿಯಲ್ಲಿತ್ತು. ಏಳೆಂಟು ಸಲ ತಪ್ಪಿ, ಒಂಬತ್ತನೆಯ ಸಲಕ್ಕೋ ಹತ್ತನೆಯ ಸಲಕ್ಕೋ ಗೋಡೆ ಮುಟ್ಟಿತು, ಕೋಲೂ ಅಲುಗಲಿಲ್ಲ. ‘ತೊಡೆಯ ಹಿಂದೆ ಹಗ್ಗ ಬಿಗಿದ ಹಾಗಾಯಿತು’ ಎಂದರು. ಸರಿಯಾಗಿ ಮಾಡಿದ್ದಕ್ಕೆ ಗುರುತು ಅದೇ. ಸೆಳೆತ ತೊಡೆಯ ಹಿಂದೆ ಗೊತ್ತಾಗಬೇಕು, ಟೊಂಕದಲ್ಲಿ ಅಲ್ಲ.

ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಸಲ. ನಾಲ್ಕು ದಿನವಾದ ಮೇಲೆ ಗೋಡೆಯಿಂದ ಇನ್ನೊಂದು ನಾಲ್ಕು ಬೆರಳು ಮುಂದೆ ನಿಲ್ಲಿ. ಎರಡನೆಯ ವಾರ ಕೋಲು ಬಿಟ್ಟು ಮಾಡಿ, ವಿಡಿಯೊ ತೆಗೆಸಿ ನೋಡಿ. ಬೆನ್ನು ಕಮಾನಾಗಿ ಕಂಡರೆ ಮತ್ತೆ ಕೋಲು. ಆಮೇಲೆ ಮುಖ ತೊಳೆಯುವಾಗ, ಬಟ್ಟೆ ಒಗೆಯುವಾಗ, ಮಗುವಿನ ಚಪ್ಪಲಿ ಹಾಕುವಾಗ ಇದೇ ಬರಬೇಕು. ಕನ್ನಡಿಯ ಮುಂದೆ ಹತ್ತು ಸಲ ಚೆನ್ನಾಗಿ ಮಾಡಿ, ಬಿದ್ದ ಕೀಲಿಕೈ ಎತ್ತುವಾಗ ಹಳೆಯದಕ್ಕೇ ಮರಳುವವರು ಬಹಳ. ಹಗುರ ವಸ್ತುವಿಗೆ ಬಗ್ಗುವಾಗಲೇ ಟೊಂಕ ಹಿಡಿಯುವುದು ಹೆಚ್ಚು, ಏಕೆಂದರೆ ಅಲ್ಲಿ ಯಾರೂ ಎಚ್ಚರವಾಗಿರುವುದಿಲ್ಲ.

## ಹಂತ 4: ಎತ್ತುವುದು

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವವರನ್ನು ಹತ್ತಿರದಿಂದ ನೋಡಿ. ಗುಂಡುಕಲ್ಲನ್ನು ಯಾರೂ ಮೈಯಿಂದ ದೂರ ಹಿಡಿಯುವುದಿಲ್ಲ. ಅಪ್ಪಿಕೊಂಡು ಮೊದಲು ತೊಡೆಯ ಮೇಲೆ ತಂದುಕೊಳ್ಳುತ್ತಾರೆ, ಅಲ್ಲಿ ಉಸಿರು ಹಿಡಿದು ಹಿಡಿತ ಬದಲಿಸಿ, ಆಮೇಲೆ ಎದ್ದು ನಿಲ್ಲುತ್ತಾರೆ. ಅವರ ಭಾರವನ್ನು ಅನುಕರಿಸಬೇಡಿ, ಆ ಎರಡು ಹೆಜ್ಜೆಗಳನ್ನು ಕಲಿಯಿರಿ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ ಎಲ್ಲವೂ ಅನುಕೂಲವಾಗಿರುವಾಗ, ಅಂದರೆ ವಸ್ತು ಮೈಗೆ ಹತ್ತಿರ, ಸೊಂಟದೆತ್ತರದಲ್ಲಿ, ಹಿಡಿಕೆ ಸರಿಯಾಗಿ ಇರುವಾಗ ಎತ್ತಬಹುದಾದ ಮಿತಿ 23 ಕಿಲೋ. ನೆಲದಿಂದ ಎತ್ತಿದರೆ, ದೂರ ಹಿಡಿದರೆ, ತಿರುಚಿದರೆ ಆ ಮಿತಿ ಇಳಿಯುತ್ತದೆ. ಈಗ ನಮ್ಮ ಮನೆಯ ಲೆಕ್ಕ ನೋಡಿ: ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್ ಎಂದರೆ 20 ಕಿಲೋ. ಅಡುಗೆ ಅನಿಲದ ತುಂಬಿದ ಸಿಲಿಂಡರ್‌ನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣ ಸೇರಿದರೆ ಸುಮಾರು 30. ಸಕ್ಕರೆ, ಸಿಮೆಂಟ್ ಚೀಲ 50. ಚೀಲವನ್ನು ಒಬ್ಬರೇ ನೆಲದಿಂದ ಎತ್ತುವುದು ಶೌರ್ಯವಲ್ಲ. ಇಬ್ಬರು ಬೇಕು. ಸಿಲಿಂಡರನ್ನು ಎತ್ತಬೇಡಿ, ಓರೆ ಮಾಡಿ ಅಂಚಿನ ಮೇಲೆ ಉರುಳಿಸಿ.

ಕ್ರಮ ಹೀಗಿರಲಿ. ವಸ್ತುವಿಗೆ ಆದಷ್ಟು ಹತ್ತಿರ, ಒಂದು ಪಾದ ಪಕ್ಕದಲ್ಲಿ ಒಂದು ಹಿಂದೆ ಇಟ್ಟು ನಿಲ್ಲಿ. ಹಂತ 3ರಂತೆ ಪೃಷ್ಠವನ್ನು ಹಿಂದಕ್ಕೆ ತಳ್ಳಿ, ಮೊಣಕಾಲು ಬಾಗಿಸಿ. ಯಾರೋ ಹೊಟ್ಟೆಗೆ ಗುದ್ದಲು ಬಂದಾಗ ಬಿಗಿಯುವಂತೆ ಹೊಟ್ಟೆ ಬಿಗಿಯಿರಿ. ಮೊದಲು ತೊಡೆಯ ಮೇಲೆ, ನಂತರ ಮೇಲಕ್ಕೆ. ದಿಕ್ಕು ಬದಲಿಸಲು ಪಾದ ತಿರುಗಿಸಿ, ಸೊಂಟ ತಿರುಚಬೇಡಿ. ಬೈಕಿನ ಪಕ್ಕದಿಂದ ಕ್ಯಾನ್ ಇಳಿಸುವಾಗ ನಮ್ಮವರೆಲ್ಲ ಮಾಡುವ ತಪ್ಪು ಇದೇ: ಕಾಲು ರಸ್ತೆಯ ಕಡೆ, ಕೈ ಬೈಕಿನ ಕಡೆ, ನಡುವೆ ಟೊಂಕ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಕೊಡವನ್ನು ಒಂದೇ ಸೊಂಟದ ಮೇಲೆ ಹೊರುವವರು ಮಗ್ಗುಲು ಬದಲಿಸಿ. ಅದಕ್ಕಿಂತ ಎರಡು ಕೈಗೆ ಎರಡು ಸಣ್ಣ ಬಿಂದಿಗೆ ಒಳ್ಳೆಯದು.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಬಹಳ ಹೊತ್ತು ಕುಳಿತೋ ಬಗ್ಗಿಯೋ ಇದ್ದ ಮೇಲೆ ತಕ್ಷಣ ಏನನ್ನೂ ಎತ್ತಬೇಡಿ. ಮಡಚಿ ಕುಳಿತಷ್ಟೂ ಮೂಳೆಗಳನ್ನು ಹಿಡಿದಿಡುವ ಬೆನ್ನಿನ ಹಿಂದಿನ ಕಟ್ಟುಗಳು ನಿಧಾನವಾಗಿ ಹಿಗ್ಗಿ ಸಡಿಲಾಗಿರುತ್ತವೆ. ಮರಳಿ ಬಿಗಿಯಾಗಲು ಅವಕ್ಕೆ ಹೊತ್ತು ಬೇಕು. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಬಾಗಲಕೋಟೆಯ ನವನಗರದ ನಿಲ್ದಾಣದಲ್ಲಿ ಇಳಿದ ಕೂಡಲೇ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ ಚೀಲ ಎಳೆದು ಟೊಂಕ ಹಿಡಿಸಿಕೊಂಡವರು ನನ್ನ ಬಳಿಗೆ ಬರುತ್ತಲೇ ಇರುತ್ತಾರೆ. ಅದು ಬೆಳಗಿನ ಜಾವವೂ ಹೌದು. ಎರಡು ನಿಮಿಷ ನೆಟ್ಟಗೆ ನಿಂತು ನಡೆದಾಡಿ, ಅಂಗೈಗಳನ್ನು ಸೊಂಟದ ಹಿಂದಿಟ್ಟು ಮೂರ್ನಾಲ್ಕು ಸಲ ಮೆಲ್ಲಗೆ ಹಿಂದಕ್ಕೆ ಬಾಗಿ, ಆಮೇಲೆ ಚೀಲ ಮುಟ್ಟಿ.

## ಹಂತ 5: ಕುಳಿತು ಮಾಡುವ, ಬಗ್ಗಿ ಮಾಡುವ ಕೆಲಸ

ರೊಟ್ಟಿ ಬಡಿಯುವ ತಾಯಂದಿರಿಂದ ಆರಂಭಿಸುತ್ತೇನೆ. ನೆಲದ ಮೇಲೆ ಒಂದು ಕಾಲು ಮಡಚಿ, ಒಂದು ಮೊಣಕಾಲು ಎತ್ತಿ, ಪರಾತವನ್ನು ಒಂದು ಮೊಳ ದೂರ ಇಟ್ಟುಕೊಂಡು ಮೂವತ್ತು ನಲವತ್ತು ರೊಟ್ಟಿ ಬಡಿದರೆ ಅಷ್ಟೂ ಹೊತ್ತು ಟೊಂಕ ಕಮಾನಾಗಿಯೇ ಇರುತ್ತದೆ. ಮಣೆಯ ಮೇಲೆ ಕುಳಿತರೆ ತೊಡೆಸಂದು ಮೊಣಕಾಲಿಗಿಂತ ಮೇಲೆ ಬಂದು ಟೊಂಕ ತಾನಾಗಿ ನೆಟ್ಟಗಾಗುತ್ತದೆ. ಪರಾತವನ್ನು ಹೊಟ್ಟೆಯ ಹತ್ತಿರಕ್ಕೆ ಎಳೆದುಕೊಳ್ಳಿ. ಹತ್ತು ರೊಟ್ಟಿಗೊಮ್ಮೆ ಎದ್ದು ನಿಲ್ಲಿ, ಮಡಚುವ ಕಾಲನ್ನು ಬದಲಿಸಿ. ನಿಂತು ಬಡಿಯುವವರಿಗೆ ಕಟ್ಟೆಯ ಎತ್ತರ ಮೊಣಕೈಗಿಂತ ಒಂದು ಗೇಣು ಕೆಳಗಿರಬೇಕು. ಕಟ್ಟೆ ಎತ್ತರವಿದ್ದರೆ ಭುಜ ಎತ್ತಿ ಬಡಿಯಬೇಕಾಗುತ್ತದೆ, ನೋವು ಕುತ್ತಿಗೆಗೆ ಹೋಗುತ್ತದೆ. ಹಿಟ್ಟು ನಾದುವ ಕೆಲಸವನ್ನಾದರೂ ಮನೆಯವರು ಹಂಚಿಕೊಳ್ಳಲಿ.

ಇಳಕಲ್ಲಿನ ಕುಣಿಮಗ್ಗದಲ್ಲಿ ಕೂರುವವರದೂ ಇದೇ ಸಮಸ್ಯೆ. ಕಾಲು ಕುಣಿಯಲ್ಲಿ, ಕೂರುವ ಜಾಗ ತಗ್ಗು, ಕಣ್ಣು ಎಳೆಯ ಮೇಲೆ. ಕೌದಿಯನ್ನು ಮಡಚಿ ಹಿಂಬದಿ ಎತ್ತರ, ಮುಂಬದಿ ತಗ್ಗಾಗುವಂತೆ ಹಾಸಿಕೊಳ್ಳಿ. ಬೆಳಕು ಸಾಲದೆ ಮುಂದಕ್ಕೆ ಬಾಗುವವರೇ ಹೆಚ್ಚಾದ್ದರಿಂದ ದೀಪವನ್ನು ಮಗ್ಗದ ಮೇಲೆಯೇ ಇಳಿಬಿಡಿ. ಬಹಳ ಸಲ ಬೆನ್ನಿನ ಔಷಧ ಒಂದು ಬಲ್ಬಿನಲ್ಲಿರುತ್ತದೆ. ರಬಕವಿ ಬನಹಟ್ಟಿಯ ವಿದ್ಯುತ್ ಮಗ್ಗದವರು ನಿಂತೇ ಇರುತ್ತಾರೆ. ಅವರು ಅರ್ಧ ಅಡಿ ಎತ್ತರದ ಹಲಗೆಯ ಮೇಲೆ ಒಂದೊಂದು ಪಾದವನ್ನು ಸರದಿಯಂತೆ ಇಟ್ಟುಕೊಳ್ಳಲಿ.

ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ಕಡಿಯುವವರಿಗೆ ಬಗ್ಗಬೇಡಿ ಎಂದರೆ ಅನ್ನ ಬಿಡಿ ಎಂದಂತೆ. ಕಬ್ಬನ್ನು ಬುಡಕ್ಕೇ ಕಡಿಯಬೇಕು. ಒಂದು ಕಾಲು ಮುಂದಿಟ್ಟು ಬಾಗಿ, ಕಬ್ಬು ಹಿಡಿದ ಕೈಯ ಮೊಣಕೈಯನ್ನು ಆಗಾಗ ತೊಡೆಗೆ ಊರಿ. ಸಾಲು ಬದಲಾದಾಗ ಮುಂದಿನ ಕಾಲನ್ನೂ ಬದಲಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ನಿಂತು ಹಿಂದಕ್ಕೆ ಬಾಗಿ. ಮುಖ್ಯವಾಗಿ, ಕಡಿದು ಮುಗಿದ ಕ್ಷಣಕ್ಕೆ ಹೊರೆ ಹೊರಬೇಡಿ. ನೀರು ಕುಡಿಯುವ ಬಿಡುವು ಕಡಿಯುವುದಕ್ಕೂ ಹೊರುವುದಕ್ಕೂ ನಡುವೆ ಬರಲಿ. ಕಳೆ ತೆಗೆಯುವವರಿಗೂ ಇದೇ ಮಾತು. ಉದ್ದ ಹಿಡಿಕೆಯ ಸಲಕರಣೆ ಸಿಕ್ಕರೆ ಕುರ್ಪಿ ಬಿಟ್ಟು ಅದನ್ನೇ ಬಳಸಿ.

ಕಚೇರಿ, ಅಂಗಡಿಯವರಿಗೆ ಹೇಳಬೇಕಾದದ್ದು ಕಡಿಮೆ. ಕುರ್ಚಿ ಎಷ್ಟೇ ಒಳ್ಳೆಯದಿದ್ದರೂ ಅರ್ಧ ಗಂಟೆಗೊಮ್ಮೆ ಏಳಿ. ಟವೆಲ್ ಸುತ್ತಿ ಟೊಂಕದ ಹಿಂದೆ ಇಟ್ಟುಕೊಳ್ಳಿ. ಹಿಂಜೇಬಿನ ದಪ್ಪ ಪಾಕೀಟು ತೆಗೆಯಿರಿ. ಬೈಕಿನವರು ಹಂಪ್ ಬಂದಾಗ ಪೃಷ್ಠವನ್ನು ಸೀಟಿನಿಂದ ತುಸು ಎತ್ತಿ.

## ಹಂತ 6: ಗಟ್ಟಿ ಮಾಡುವುದು

ಈಗ ವ್ಯಾಯಾಮ. ಮೊದಲ ಮೂರು ಹಂತಗಳನ್ನು ಎರಡು ಮೂರು ವಾರ ಪಾಲಿಸಿ, ದಿನದ ಕೆಲಸದಲ್ಲಿ ನೋವು ತಗ್ಗಿದೆ ಎನ್ನುವಾಗ ಇದಕ್ಕೆ ಬನ್ನಿ. ಹೊತ್ತು ಮಧ್ಯಾಹ್ನ ಅಥವಾ ಸಂಜೆ. ಕೆಳಗಿನ ನಾಲ್ಕರಲ್ಲಿ ಮೊದಲ ಮೂರನ್ನು ಜನಪ್ರಿಯಗೊಳಿಸಿದವರು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಬೆನ್ನಿನ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್. ಬೆನ್ನನ್ನು ಮಡಚದೆ ಸುತ್ತಲಿನ ಸ್ನಾಯುಗಳಿಗೆ ದಮ್ಮು ಕೊಡುವುದು ಇವುಗಳ ಗುಣ.

ಒಂದು, ತಲೆ ಎತ್ತುವುದು. ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ, ಎರಡೂ ಅಂಗೈಗಳನ್ನು ಟೊಂಕದ ಕೆಳಗಿನ ಕಮಾನಿನಲ್ಲಿ ಇಡಿ. ತಲೆ ಮತ್ತು ಭುಜವನ್ನು ನೆಲದಿಂದ ಕೇವಲ ಎರಡು ಬೆರಳು ಎತ್ತಿ ಹಿಡಿಯಿರಿ. ಟೊಂಕ ಅಂಗೈಯನ್ನು ಅದುಮಬಾರದು. ಅದುಮಿದರೆ ಹೆಚ್ಚು ಎತ್ತಿದ್ದೀರಿ.

ಎರಡು, ಮಗ್ಗುಲ ಸೇತುವೆ. ಮಗ್ಗುಲಾಗಿ ಮಲಗಿ, ಮೊಣಕೈ ಮತ್ತು ಮಡಚಿದ ಮೊಣಕಾಲಿನ ಮೇಲೆ ಮೈಯೆತ್ತಿ. ಎರಡೂ ಬದಿ. ಭುಜ ನೋಯುವವರು ಗೋಡೆಗೆ ಮೊಣಕೈ ಊರಿ ನಿಂತೇ ಮಾಡಬಹುದು.

ಮೂರು, ಕೈಕಾಲು ಚಾಚುವುದು. ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ. ಟೊಂಕದ ಮೇಲೆ ನೋಟ್‌ಬುಕ್ ಇಡಿಸಿಕೊಳ್ಳಿ. ಅದು ಜಾರಿದರೆ ಕಾಲು ಹೆಚ್ಚು ಎತ್ತರ ಹೋಗಿದೆ ಅಥವಾ ಸೊಂಟ ಹೊರಳಿದೆ ಎಂದರ್ಥ.

ನಾಲ್ಕು, ಪೃಷ್ಠ ಎತ್ತುವುದು. ಅಂಗಾತ ಮಲಗಿ ಎರಡೂ ಮೊಣಕಾಲು ಮಡಚಿ, ಹಿಮ್ಮಡಿಯಿಂದ ನೆಲ ಒತ್ತಿ ಸೊಂಟ ಎತ್ತಿ. ಬಿಗಿತ ಪೃಷ್ಠದಲ್ಲಿ ಗೊತ್ತಾಗಬೇಕು. ಟೊಂಕದಲ್ಲಿ ಗೊತ್ತಾದರೆ ಅರ್ಧ ಎತ್ತರಕ್ಕೆ ಇಳಿಸಿ.

ಪ್ರತಿ ಸಲ ಹತ್ತು ಸೆಕೆಂಡು ಹಿಡಿದು, ಉಸಿರಾಡುತ್ತಲೇ ಇರಿ. ಮೊದಲ ಸುತ್ತು ಐದು ಸಲ, ಎರಡನೆಯದು ಮೂರು, ಕೊನೆಯದು ಒಂದು. ದಣಿದಂತೆ ಸಂಖ್ಯೆ ಇಳಿಯುವುದರಿಂದ ಭಂಗಿ ಕೆಡುವುದಿಲ್ಲ. ಒಟ್ಟು ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ. ಪೂರ್ತಿ ಎದ್ದು ಕೂರುವ ಹೊಟ್ಟೆಯ ವ್ಯಾಯಾಮ, ಎರಡೂ ಕಾಲು ಒಟ್ಟಿಗೆ ಎತ್ತುವುದು ಬೇಡ. ಮಾಡುವಾಗ ಸ್ನಾಯು ಸುಸ್ತಾಗುವುದು ಸರಿ. ಆದರೆ ನೋವು ಟೊಂಕದಿಂದ ಕಾಲಿಗೆ ಇಳಿಯುತ್ತಾ ಹೋದರೆ ನಿಲ್ಲಿಸಿ. ಕಾಲಿನಿಂದ ಮೇಲಕ್ಕೆ ಸರಿಯುತ್ತಾ ಟೊಂಕಕ್ಕೆ ಬಂದು ನಿಂತರೆ ಸಾಮಾನ್ಯವಾಗಿ ಅದು ಒಳ್ಳೆಯ ಸೂಚನೆ.

## ಹಂತ 7: ನಡಿಗೆ

ಹತ್ತು ನಿಮಿಷದ ನಡಿಗೆಯನ್ನು ಎರಡನೆಯ ಹಂತದಿಂದಲೇ ಆರಂಭಿಸಬಹುದು. ಇಲ್ಲಿ ಅದನ್ನು ಬೆಳೆಸಬೇಕು. ಆಸ್ಟ್ರೇಲಿಯಾದಲ್ಲಿ ನಡನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಸಲಹೆಯೊಂದಿಗೆ ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಲ್ಲಿ ನೋವು ಮರುಕಳಿಸಲು ಹಿಡಿದ ಅವಧಿಯ ಮಧ್ಯಾಂಕ (ಅರ್ಧ ಜನರಿಗೆ ಅದಕ್ಕಿಂತ ಮೊದಲು, ಅರ್ಧ ಜನರಿಗೆ ಅದರ ನಂತರ) 208 ದಿನ. ಏನೂ ಮಾಡದವರಲ್ಲಿ 112 ದಿನ. ನಡೆದವರ ಗುರಿ ವಾರಕ್ಕೆ ಐದು ಸಲ, ಅರ್ಧ ಗಂಟೆ.

ಕೈ ಬೀಸಿ, ತುಸು ಬಿರುಸಾಗಿ ನಡೆಯಿರಿ. ಅಂಗಡಿಯ ಕಿಟಕಿ ನೋಡುತ್ತಾ ಅಡ್ಡಾಡಿದರೆ ಬೆನ್ನಿಗೆ ನಿಂತಷ್ಟೇ ಭಾರ. ನಮ್ಮ ಬಿಸಿಲಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಸಂಜೆ ಆರರ ಮೇಲೆ ಇಟ್ಟುಕೊಳ್ಳುವುದು ವಾಸಿ. ವಾರಕ್ಕೆ ಐದು ನಿಮಿಷದಂತೆ ಮಾತ್ರ ಏರಿಸಿ.

ಮಲಗುವುದರ ಬಗ್ಗೆ ಎರಡು ಮಾತು ಸಾಕು. ಕಲ್ಲಿನಂಥ ಗಟ್ಟಿ ನೆಲವೇ ಬೆನ್ನಿಗೆ ಒಳ್ಳೆಯದು ಎಂಬ ನಂಬಿಕೆಗೆ ಆಧಾರವಿಲ್ಲ. ಮಧ್ಯಮ ಗಟ್ಟಿಯ ಗಾದಿ ಹೆಚ್ಚು ಹಿತ. ಜೋತುಬಿದ್ದ ಹೊರಸು ಬೇಡ. ಮಗ್ಗುಲಾಗಿ ಮಲಗಿದರೆ ಮೊಣಕಾಲುಗಳ ನಡುವೆ, ಅಂಗಾತ ಮಲಗಿದರೆ ಮೊಣಕಾಲಿನ ಕೆಳಗೆ ದಿಂಬು.

## ಇಷ್ಟಾದರೂ ಟೊಂಕ ಹಿಡಿದರೆ

ಮೊದಲ ದಿನ: ಮೊಣಕಾಲು ಮಡಚಿ ಕಾಲನ್ನು ಕುರ್ಚಿಯ ಮೇಲಿಟ್ಟು ಹತ್ತು ಹದಿನೈದು ನಿಮಿಷ ಮಲಗಿ, ಎದ್ದು ಮನೆಯೊಳಗೆ ನಡೆಯಿರಿ, ಮತ್ತೆ ಮಲಗಿ. ಬಿಸಿನೀರಿನ ಶಾಖ ಹಿತವಾದರೆ ಕೊಡಿ. ಒಂದು ವಾರ ಹಾಸಿಗೆ ಹಿಡಿಯಬೇಡಿ. ಪೂರ್ತಿ ವಿಶ್ರಾಂತಿಯಿಂದ ಚೇತರಿಕೆ ತಡವಾಗುತ್ತದೆ. ಆರು ವಾರಗಳಲ್ಲಿ ಹೆಚ್ಚಿನವರು ಬಹುಮಟ್ಟಿಗೆ ಸುಧಾರಿಸುತ್ತಾರೆ, ಇದನ್ನು ನೆನಪಿಡಿ.

ಚಳಕು ಬಿಡಿಸಲು ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಮೂಳೆ ಸವೆದ ಅಜ್ಜಿಯ ಬೆನ್ನುಮಣಿ ಅದರಿಂದ ಕುಸಿಯಬಹುದು. ಹೆಸರಿಲ್ಲದ ಪೊಟ್ಟಣದ ಪುಡಿ, ಗುಳಿಗೆಗಳೂ ಬೇಡ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತದ್ದು ಪತ್ತೆಯಾಗಿದೆ. ನೋವಿನ ಮಾತ್ರೆಯನ್ನು ಔಷಧ ಅಂಗಡಿಯವರನ್ನು ಕೇಳಿ ವಾರಗಟ್ಟಲೆ ನುಂಗಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರ ಮೂತ್ರಪಿಂಡಕ್ಕೆ ಅದು ದೊಡ್ಡ ಪೆಟ್ಟು. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು.

ಎರಡನೆಯ ದಿನದಿಂದ ನಡಿಗೆಯನ್ನು ಐದೈದು ನಿಮಿಷಕ್ಕೆ ಇಳಿಸಿ, ದಿನಕ್ಕೆ ನಾಲ್ಕೈದು ಸಲ ನಡೆಯಿರಿ. ಹಂತ 6ನ್ನು ನಿಲ್ಲಿಸಿ, ಹಂತ 2ಕ್ಕೆ ಮರಳಿ. ನೋಟ್‌ಬುಕ್ ತೆರೆದು ಹಿಡಿಯುವ ಹಿಂದಿನ ದಿನ ಏನೇನು ಮಾಡಿದಿರಿ ಎಂದು ಬರೆಯಿರಿ. ನಾಲ್ಕೈದು ದಿನದಲ್ಲಿ ನೆಟ್ಟಗೆ ನಿಲ್ಲಲು ಬಂದರೆ ಕೋಲು ಹಿಡಿದು ಗೋಡೆಯ ಮುಂದೆ ನಿಲ್ಲಿ, ಗೋಡೆಗೆ ಒಂದು ಅಡಿ ಅಂತರದಿಂದಲೇ ಮತ್ತೆ ಎಣಿಸಿ. ಎರಡು ವಾರವಾದರೂ ತಗ್ಗದಿದ್ದರೆ ಅಥವಾ ನೋವು ಮೊಣಕಾಲಿನ ಕೆಳಗೆ ಇಳಿದಿದ್ದರೆ ಆ ನೋಟ್‌ಬುಕ್ಕನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಿ.